‘ರೈಟ್’ ಪದಕ್ಕೆ ಜಪಾನೀಯರು ಪಟ್ಟ ಪಾಡು

ಆಂಗ್ಲಭಾಷೆಯ ‘ರೈಟ್’ ನಮಗೆಲ್ಲ ಚಿರಪರಿಚಿತವಾದ ಪದ. ಬಲಗಡೆಗೂ ಅದೇ, ಸರಿ ಎಂಬುದಕ್ಕೂ ಅದೇ; ಬಸ್ಸಿನ ಕಂಡಕ್ಟರನು ಬಾಗಿಲಲ್ಲಿ ನಿಂತು ಕೂಗುವುದೂ ಅದನ್ನೇ. ದುಡಿದವನು ತನಗೆ ನ್ಯಾಯವಾಗಿ ಸಲ್ಲತಕ್ಕುದಕ್ಕೂ ಅದೇ ಹೆಸರು. ಜಪಾನೀ ಭಾಷೆಗೆ ಮೊದಲೆರಡು ಅರ್ಥಗಳು ತೊಡಕಿಲ್ಲದೆ ಇಳಿದವು. ಬಲಕ್ಕೆ ‘ಮಿಗಿ’, ಸರಿಗೆ ‘ತದಶೀ’. ಕೊನೆಯ ಅರ್ಥಕ್ಕೆ ಮಾತ್ರ ಒಪ್ಪುವ ಮಾತು ದೊರೆಯಲಿಲ್ಲ.

ಪಾಶ್ಚಾತ್ಯ ದೇಶಗಳನ್ನು ಕಂಡು ಬಂದಿದ್ದ ಫುಕುಝಾವಾ ಯುಕಿಚಿಯವರು ಈ ಕಷ್ಟವನ್ನು ಮುಚ್ಚಿಡಲಿಲ್ಲ. ‘ಸೇಯೋ ಜಿಜೋ’ ಎಂಬ ತಮ್ಮ ಗ್ರಂಥದ 1870ರ ಭಾಗದಲ್ಲಿ, ಅನುವಾದದ ಅಕ್ಷರಗಳು ಮೂಲದ ಅರ್ಥವನ್ನು ಪೂರ್ತಿ ಹಿಡಿಯಲಾರವೆಂದೇ ಅವರು ತಿಳಿಸಿದರು. ‘ರೈಟ್’ ಎಂದರೆ ಮೊದಲು ನೇರ್ಮೆ, ಬಳಿಕ ಕೇಳಲು ನ್ಯಾಯವಾದುದು, ಮಾಡಲು ಅಧಿಕಾರವಿರುವುದು, ಸಹಜವಾಗಿ ತನ್ನದಾಗಿರಬೇಕಾದುದು ಎಂದು ಒಂದೊಂದಾಗಿ ಬಿಡಿಸಿಟ್ಟರು. ಮುಂದೆ ಅವರು ‘ಕೆನ್ರಿ’ ಎಂದೂ ಬರೆದರು. ‘ಕೆನ್’ ಎಂದರೆ ಅಧಿಕಾರ, ‘ರಿ’ ಎಂದರೆ ನ್ಯಾಯಸಮ್ಮತವಾದ ತತ್ತ್ವ.

ಅಷ್ಟರಲ್ಲಿ ಇನ್ನೊಂದು ‘ಕೆನ್ರಿ’ ಸಮುದ್ರ ದಾಟಿ ಬಂದಿತ್ತು. ಅಮೆರಿಕದ ಪಾದ್ರಿ ಮಾರ್ಟಿನ್ನರು 1864ರಲ್ಲಿ ಅಂತರರಾಷ್ಟ್ರೀಯ ಕಾನೂನಿನ ಗ್ರಂಥವೊಂದನ್ನು ಚೀನೀ ಭಾಷೆಗೆ ತಂದಾಗ ಬಳಸಿದ ಎರಡಕ್ಷರಗಳವು. ಜಪಾನೀ ಉಚ್ಚಾರದಲ್ಲಿ ಎರಡೂ ಒಂದೇ, ಕಿವಿಗೆ ಭೇದವಿಲ್ಲ. ಕಣ್ಣಿಗೆ ಮಾತ್ರ ಭೇದ ಬಹಳ. ಇಲ್ಲಿಯ ‘ರಿ’ ಎಂದರೆ ಲಾಭ!

ಗೆದ್ದುದು ಲಾಭದ ಅಕ್ಷರವೇ. 1889ರ ಸಂವಿಧಾನದಲ್ಲಿ ಅದೇ ಅಚ್ಚಾಯಿತು. ‘ರೈಟ್’ ಪದದ ಒಡಲಲ್ಲಿದ್ದ ‘ಸರಿ’ ಹೊರಗುಳಿಯಿತು. ಉಳಿದವು ಬಲ ಮತ್ತು ಲಾಭ. ಇದರಿಂದ, ನ್ಯಾಯ ಕೇಳುವವನೂ ಸ್ವಾರ್ಥಿಯಂತೆ ಕಾಣುವನೆಂದು ಆಕ್ಷೇಪಿಸುವ ವಿದ್ವಾಂಸರು ಆ ನಾಡಿನಲ್ಲಿಯೇ ಉಂಟು. ಆಕ್ಷೇಪ ನಿರಾಧಾರವೆಂದು ನಮಗೆ ತೋರುವುದಿಲ್ಲ. ಸಂಬಳದ ಬಾಕಿ ಕೇಳಿ ‘ದುರಾಸೆಯವ’ನೆಂಬ ಹೆಸರು ಪಡೆದವರು ನಮ್ಮ ವಾಚಕರಲ್ಲಿಯೂ ಇರಬಹುದು.

ಈ ವಿಷಯದಲ್ಲಿ ನಮ್ಮ ‘ಹಕ್ಕು’ ಭಾಗ್ಯಶಾಲಿ. ಅರಬೀ ಮೂಲದ ಈ ಪದಕ್ಕೆ ಅಲ್ಲಿ ‘ಸತ್ಯ’ವೆಂಬ ಅರ್ಥವೂ ಉಂಟು. ಸತ್ಯವೂ ಸಲ್ಲತಕ್ಕುದೂ ಒಂದೇ ಮಾತಿನಲ್ಲಿ ಕೂಡಿವೆ.

ಜಪಾನಿನಲ್ಲಿ 1947ರಲ್ಲಿ ಜಾರಿಗೆ ಬಂದ ಹೊಸ ಸಂವಿಧಾನದ 28ನೆಯ ವಿಧಿಯು, ದುಡಿಯುವವರು ಸಂಘ ಕಟ್ಟಿ ಒಟ್ಟಾಗಿ ಮಾತುಕತೆ ನಡೆಸುವುದು ಅವರ ‘ಕೆನ್ರಿ’ ಎಂದು ಸಾರಿತು. ಬರೆದುದು ಲಾಭದ ಅಕ್ಷರದಲ್ಲಿಯೇ. ಇಂದಿಗೂ ಹಾಗೆಯೇ ಇದೆ.