ಮೊದಲು ಕೆಡಬೇಕಾದ ಭಾಗ ಯಾವುದು?

ಮಿಕ್ಸಿಯನ್ನು ಬೋರಲು ಹಾಕಿ ನೋಡಿ. ಅಡಿಯಲ್ಲಿ ಪುಟ್ಟದೊಂದು ಕೆಂಪು ಗುಂಡಿ ಇರುತ್ತದೆ. ಚಟ್ನಿ ರುಬ್ಬುವಾಗ ಮಿಕ್ಸಿ ತಟ್ಟನೆ ನಿಂತರೆ ಸ್ವಲ್ಪ ಹೊತ್ತು ಬಿಟ್ಟು ಅದನ್ನು ಒತ್ತಬೇಕು ಎಂಬುದು ಎಷ್ಟೋ ಮನೆಗಳಲ್ಲಿ ಗೊತ್ತು. ಅದನ್ನು ಅಲ್ಲಿ ಯಾಕೆ ಇಟ್ಟಿದ್ದಾರೆ ಎಂಬ ಪ್ರಶ್ನೆಯಿಂದ ಇಂಜಿನಿಯರಿಂಗ್ ವಿನ್ಯಾಸದ ಪಾಠ ಶುರುಮಾಡಬಹುದು. ಬೇಕಾಗಿರುವುದು ಗುಜರಿ ಅಂಗಡಿಯಲ್ಲಿ ಸಿಗುವ ಒಂದು ಕೆಟ್ಟ ಮಿಕ್ಸಿ, ಒಂದು ಸ್ಕ್ರೂಡ್ರೈವರ್, ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ ಇಡಲು ಹಳೆಯ ಪೇಪರು.

ತಳದ ಸ್ಕ್ರೂ ತೆಗೆದರೆ ಮೋಟರ್ ಕಾಣುತ್ತದೆ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಇದರಲ್ಲಿ ನೇರವಾಗಿ ಓಡುವ ಇಂಡಕ್ಷನ್ ಮೋಟರ್ ಎಷ್ಟೇ ತಿಣುಕಿದರೂ ನಿಮಿಷಕ್ಕೆ 3000 ಸುತ್ತು ದಾಟಲಾರದು. ಒಣಮೆಣಸಿನಕಾಯಿ ನುಣ್ಣಗಾಗಲು ಆ ವೇಗ ಸಾಲದು. ಆದ್ದರಿಂದ ಮಿಕ್ಸಿಯಲ್ಲಿರುವುದು ಯೂನಿವರ್ಸಲ್ ಮೋಟರ್. ಖಾಲಿ ಓಡಿದರೆ ನಿಮಿಷಕ್ಕೆ ಸುಮಾರು 18,000 ಸುತ್ತು ಹಾಕುತ್ತದೆ. ಗಾತ್ರ ಚಿಕ್ಕದು, ತೂಕ ಕಡಿಮೆ. ಆದರೆ ಇದರಲ್ಲಿ ತಿರುಗುತ್ತಿರುವ ಸುರುಳಿಗೇ ಕರೆಂಟು ಮುಟ್ಟಿಸಬೇಕು; ಅದಕ್ಕೆ ಎರಡು ಕಾರ್ಬನ್ ತುಂಡುಗಳು ತಾಮ್ರದ ಕಾಮ್ಯುಟೇಟರ್‌ಗೆ ಸದಾ ಉಜ್ಜುತ್ತಿರಬೇಕು. ಕಿಡಿ, ಕಿರುಚಾಟ, ಸವೆತ ಎಲ್ಲವೂ ವೇಗದ ಜೊತೆಗೇ ಬಂದವು. ಪಕ್ಕದಲ್ಲೇ ಕೂತ ಗ್ರೈಂಡರ್ ತದ್ವಿರುದ್ಧ: ಇಂಡಕ್ಷನ್ ಮೋಟರ್, ನಿಧಾನದ ಕಲ್ಲು, ಬಿಸಿಯೇರದ ದೋಸೆ ಹಿಟ್ಟು. ಯಾವುದು ಉತ್ತಮ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಎರಡರ ಕೆಲಸವೇ ಬೇರೆ.

ಕಾರ್ಬನ್ ತುಂಡನ್ನು ಹೊರಗೆಳೆದು ಬೆಳಕಿಗೆ ಹಿಡಿಯಿರಿ. ಹೊಸದರಲ್ಲಿ ಉದ್ದವಿದ್ದದ್ದು ಮೋಟಾಗಿರುತ್ತದೆ. ಅದರ ತುದಿ ತಾಮ್ರದ ದುಂಡಗಿನ ಮೈಗೆ ಸರಿಯಾಗಿ ಕೂರುವಂತೆ ಒಳಬಾಗಿ ಸವೆದು ಕನ್ನಡಿಯಂತೆ ಹೊಳೆಯುತ್ತದೆ. ಸುತ್ತಲೂ ಕರಿ ಪುಡಿ. ಹಿಂದೊಂದು ಸ್ಪ್ರಿಂಗ್, ತುಂಡು ಸವೆದಷ್ಟೂ ಅದು ಮುಂದೆ ತಳ್ಳುತ್ತದೆ. ಇದನ್ನೇ ಇನ್ನಷ್ಟು ಗಟ್ಟಿ ಮಾಡಬಹುದಿತ್ತಲ್ಲ ಎನಿಸುವುದು ಸಹಜ. ಗಟ್ಟಿ ಮಾಡಿದ್ದರೆ ತಾಮ್ರ ಸವೆಯುತ್ತಿತ್ತು, ಆಗ ತಿರುಗುವ ಸುರುಳಿ ಸಮೇತ ಇಡೀ ಆರ್ಮೇಚರನ್ನೇ ಬದಲಿಸಬೇಕಾಗುತ್ತಿತ್ತು. ಅಗ್ಗದ್ದು ಸವೆಯಲಿ, ದುಬಾರಿಯದು ಉಳಿಯಲಿ ಎಂದು ಯಾರೋ ಕೂತು ಲೆಕ್ಕ ಹಾಕಿದ್ದಾರೆ.

ಜಾರಿನ ತಳಕ್ಕೂ ಮೋಟರಿಗೂ ನಡುವೆ ಇರುವ ಕಪ್ಲರ್‌ನದೂ ಇದೇ ಕಥೆ. ಅರಿಶಿನದ ಕೊಂಬೊಂದು ಬ್ಲೇಡಿಗೆ ಸಿಕ್ಕಿಕೊಂಡರೆ ಎಲ್ಲೋ ಒಂದು ಕಡೆ ಏನೋ ಮುರಿಯಲೇಬೇಕು. ಶಾಫ್ಟ್ ಬಾಗುವ ಬದಲು, ವೈಂಡಿಂಗ್ ಸುಡುವ ಬದಲು, ಪ್ಲಾಸ್ಟಿಕ್ ಹಲ್ಲುಗಳು ಹೋಗುತ್ತವೆ. ‘ಕಳಪೆ ಮಾಲು, ಹಲ್ಲು ಉದುರಿತು’ ಎಂದು ನಾವು ಬೈಯುವ ಭಾಗ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತದೆ. ಅದನ್ನು ಕಳಚುವಾಗ ಇನ್ನೊಂದು ಜಾಣತನ ಕಾಣುತ್ತದೆ: ಮೋಟರ್ ಓಡಿದಷ್ಟೂ ಕಪ್ಲರ್ ಬಿಗಿಯಾಗುವಂತೆ ಅದರ ತಿರುಪಿನ ದಿಕ್ಕನ್ನು ಆರಿಸಿರುತ್ತಾರೆ. ಸೈಕಲ್ಲಿನ ಎಡಗಡೆ ಪೆಡಲಿಗೆ ಉಲ್ಟಾ ತಿರುಪು ಇರುವುದೂ ತುಳಿಯುತ್ತಾ ತುಳಿಯುತ್ತಾ ಅದು ಬಿಚ್ಚಿಕೊಳ್ಳಬಾರದೆಂದೇ.

ಈಗ ಕೆಂಪು ಗುಂಡಿಗೆ ಬರೋಣ. ಮೋಟರನ್ನು ತಂಪಾಗಿಡುವ ಫ್ಯಾನು ಅದೇ ಮೋಟರಿನ ಶಾಫ್ಟಿಗೆ ಜೋಡಿಸಿದ್ದು. ಗಟ್ಟಿ ಕಾಯಿ ಮಸಾಲೆ ಹಾಕಿದಾಗ ವೇಗ ಇಳಿಯುತ್ತದೆ, ಎಳೆಯುವ ಕರೆಂಟು ಏರುತ್ತದೆ. ಅಂದರೆ ಬಿಸಿ ಹೆಚ್ಚಾದ ಹೊತ್ತಿನಲ್ಲೇ ಗಾಳಿ ಕಡಿಮೆಯಾಗುತ್ತದೆ. ಈ ಇಕ್ಕಟ್ಟಿಗೆ ಕಂಡುಕೊಂಡ ಉಪಾಯವೇ ಆ ಕೆಂಪು ಗುಂಡಿಯ ಓವರ್‌ಲೋಡ್ ಸ್ವಿಚ್. ಹಲವು ಮಿಕ್ಸಿಗಳ ಲೇಬಲ್ಲಿನಲ್ಲಿ ಐದು ನಿಮಿಷ ಓಡಿಸಿ ಎರಡು ನಿಮಿಷ ನಿಲ್ಲಿಸಿ ಎಂದು ಬರೆದಿರುವುದೂ ಇದೇ ಕಾರಣಕ್ಕೆ. ಆ ಲೇಬಲ್ ಓದಿದವರನ್ನು ನಾನಂತೂ ಕಂಡಿಲ್ಲ.

1960ರ ದಶಕದಲ್ಲಿ ನಮ್ಮಲ್ಲಿಗೆ ಬಂದ ಯುರೋಪಿನ ಮಿಕ್ಸರ್‌ಗಳನ್ನು ಅಲ್ಲಿನ ಮೆತ್ತನೆಯ ಅಡುಗೆಗೆಂದು ಮಾಡಿದ್ದರು. ಮನೆಯ ಜರ್ಮನ್ ಮಿಕ್ಸರ್‌ನ ಮೋಟರ್ ಸುಟ್ಟುಹೋದ ಮೇಲೆ ಇಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ನಮ್ಮ ಮಸಾಲೆ ತಾಳುವಂಥ ಯಂತ್ರ ಮಾಡಲು ಹೊರಟರು. ಹಾಗೆ ಬಂದದ್ದು ಸುಮೀತ್ ಮಿಕ್ಸಿ. ಕೆಟ್ಟ ಯಂತ್ರವೇ ಅಲ್ಲಿ ಪಠ್ಯಪುಸ್ತಕವಾಯಿತು. 1990ರ ದಶಕದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ ಶೆರಿ ಶೆಪರ್ಡ್ ವಸ್ತುಗಳನ್ನು ಬಿಚ್ಚಿ ಕಲಿಯುವುದನ್ನೇ ಒಂದು ಕೋರ್ಸ್ ಮಾಡಿದರು.

ಬಿಚ್ಚಿದ್ದನ್ನು ಮತ್ತೆ ಜೋಡಿಸದಿದ್ದರೆ ಕಲಿಕೆ ಅರ್ಧವೇ. ಯಾವ ವಾಷರ್ ಎಲ್ಲಿ ಕೂರಬೇಕು, ಯಾವ ವೈರು ಯಾವುದರ ಕೆಳಗೆ ಹಾಯಬೇಕು ಎಂಬುದರ ಹಿಂದಿನ ಕಾರಣ ಆಗಲೇ ತಿಳಿಯುವುದು. ಪ್ಲಗ್ ಕಿತ್ತಿಟ್ಟ ಮೇಲೆಯೇ ಕೈ ಹಾಕಿ. ಮೈಕ್ರೋವೇವ್, ಹಳೆಯ ದಪ್ಪ ಟೀವಿ, ಯುಪಿಎಸ್, ಉಬ್ಬಿದ ಮೊಬೈಲ್ ಬ್ಯಾಟರಿಗಳ ತಂಟೆಗೆ ಮಾತ್ರ ಹೋಗಬೇಡಿ. ಕರೆಂಟು ತೆಗೆದ ಮೇಲೂ ಅವು ಅಪಾಯಕಾರಿ.

ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳು ವರ್ಕ್‌ಶಾಪಿನಲ್ಲಿ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಚೌಕ ಮಾಡುವುದನ್ನು ತಪ್ಪದೆ ಕಲಿಯುತ್ತಾರೆ. ಕಲಿಯಲಿ. ಅದರ ಜೊತೆಗೆ ಒಂದು ಮಧ್ಯಾಹ್ನ ನಾಲ್ವರಿಗೊಂದು ಕೆಟ್ಟ ಮಿಕ್ಸಿ ಕೊಟ್ಟು, ಇದರಲ್ಲಿ ಮೊದಲು ಕೆಡಲಿ ಎಂದು ಮಾಡಿದ ಭಾಗ ಯಾವುದು, ಯಾಕೆ ಎಂದು ಬರೆಸಿ. ಅದಕ್ಕೆ ಹೊಸ ಲ್ಯಾಬು ಬೇಕಿಲ್ಲ, ಯಾರ ಮಂಜೂರಾತಿಗೂ ಕಾಯಬೇಕಿಲ್ಲ.