ಅಂಚೆಯಾಳು, ಆನೆ ಹಿಡಿಯುವವ, ಅನ್ವೇಷಕ: ಶಿವಮೊಗ್ಗ ಸೀಮೆಯ ಗಡಿಚರಿತ್ರೆಯ ಕೆಲವು ಕಿರುಸಂಗತಿಗಳು

ಗಡಿನಾಡಿನ ಚರಿತ್ರೆಯೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸಿಗೆ ಮೊದಲು ಬರುವುದು ಉತ್ತರ ಅಮೆರಿಕದ ಪಶ್ಚಿಮ ಪ್ರಾಂತ. ಟಪಾಲಿನ ಚೀಲವನ್ನು ಹೊತ್ತು ಓಡುವ ಕುದುರೆ ಸವಾರ, ತುಪ್ಪಟಕ್ಕಾಗಿ ಬೋನುಗಳನ್ನೊಡ್ಡುವ ಬೇಟೆಗಾರ, ನಕ್ಷೆಯಿಲ್ಲದ ನಾಡಿನಲ್ಲಿ ದಾರಿ ಹುಡುಕುವ ಅನ್ವೇಷಕ, ಈ ಮೂವರೂ ಕಥೆಗಳ ಮೂಲಕ ಹಾಗೂ ಚಲನಚಿತ್ರಗಳ ಮೂಲಕ ಜಗತ್ಪ್ರಸಿದ್ಧರಾಗಿದ್ದಾರೆ. ಇಂತಹ ಮೂರು ಬಗೆಯ ಜನರು ನಮ್ಮ ನಾಡಿನಲ್ಲಿಯೂ ಇದ್ದರೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಬಯಲುಸೀಮೆಯು ಮುಗಿದು ಮಲೆನಾಡು ಮೊದಲಾಗುವ ಎಡೆಯಲ್ಲಿ, ತುಂಗೆಯ ದಡದ ಶಿವಮೊಗ್ಗ ಮತ್ತು ಭದ್ರೆಯ ದಡದ ಭದ್ರಾವತಿಗಳನ್ನು ಹೆಬ್ಬಾಗಿಲಾಗಿ ಉಳ್ಳ ಪ್ರದೇಶವು ಬಹುಕಾಲ ಇಂತಹ ಒಂದು ಗಡಿನಾಡೇ ಆಗಿದ್ದಿತು. ಇಲ್ಲಿಗೂ ಮೈಸೂರು ಸೀಮೆಯ ಇತರ ಕಾಡುಗಳಿಗೂ ಸಂಬಂಧಿಸಿದ ಕೆಲವು ಕಿರುಸಂಗತಿಗಳನ್ನು ಒಟ್ಟುಗೂಡಿಸಿ, ಅವುಗಳಿಂದ ತಿಳಿದುಬರುವುದೇನೆಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

1. ಅಂಚೆ

ಮೈಸೂರು ಸಂಸ್ಥಾನದಲ್ಲಿ ಕ್ರಮಬದ್ಧವಾದ ಅಂಚೆಯನ್ನು ಏರ್ಪಡಿಸಿದವನು ಚಿಕ್ಕದೇವರಾಜ ಒಡೆಯರು. ಇದರ ಆರಂಭವನ್ನು 1672 ಎಂದು ಹೇಳುವುದು ವಾಡಿಕೆ. ಆದರೆ ಆ ದೊರೆಯು ಪಟ್ಟಕ್ಕೆ ಬಂದುದು 1673ರಲ್ಲಿ ಎಂದು ಗಣಿಸುವ ಚರಿತ್ರಕಾರರೂ ಇರುವುದರಿಂದ, ಒಂದು ವರ್ಷದ ವ್ಯತ್ಯಾಸಕ್ಕೆ ಅವಕಾಶವಿಟ್ಟುಕೊಳ್ಳುವುದು ಯುಕ್ತ. ಈ ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯದ ಟಪಾಲು ಇಲಾಖೆಯಲ್ಲಿ ವಿಲೀನವಾಯಿತು. ಎಂದರೆ ಅದು ಎರಡು ಶತಮಾನಗಳಿಗೂ ಮಿಕ್ಕು ಬಾಳಿತು. ಇದಕ್ಕೆ ಪ್ರತಿಯಾಗಿ, ಸೇಂಟ್ ಜೋಸೆಫಿನಿಂದ ಸ್ಯಾಕ್ರಮೆಂಟೋವರೆಗೆ ಸುಮಾರು 3000 ಕಿ.ಮೀ. ದಾರಿಯನ್ನು ಹತ್ತು ದಿನಗಳಲ್ಲಿ ಕ್ರಮಿಸುತ್ತಿದ್ದ ಅಮೆರಿಕದ ಪ್ರಖ್ಯಾತ 'ಪೋನಿ ಎಕ್ಸ್‌ಪ್ರೆಸ್' 1860ರ ಏಪ್ರಿಲಿನಲ್ಲಿ ಮೊದಲಾಗಿ 1861ರ ಅಕ್ಟೋಬರಿನಲ್ಲಿ, ತಂತಿಯ ಮಾರ್ಗವು ಪೂರ್ಣಗೊಂಡ ಕೂಡಲೇ, ನಿಂತುಹೋಯಿತು. ಹದಿನೆಂಟು ತಿಂಗಳು ಬಾಳಿ, ನಷ್ಟದಲ್ಲಿಯೇ ಮುಗಿದ ಆ ಸಂಸ್ಥೆಯನ್ನು ಲೋಕವೆಲ್ಲ ಬಲ್ಲುದು. ಇನ್ನೂರು ವರ್ಷ ನಡೆದ ನಮ್ಮ ಅಂಚೆಯನ್ನು ಬಲ್ಲವರು ವಿರಳ.

ಈ ಮರೆವಿಗೆ ಕಾರಣಗಳಿವೆ. ಪೋನಿ ಎಕ್ಸ್‌ಪ್ರೆಸ್ಸಿನ ಸವಾರರನ್ನು ಬಫಲೋ ಬಿಲ್ಲನ ಪ್ರದರ್ಶನವು 1883ರಿಂದ ಮುಂದಕ್ಕೆ ಊರೂರಿನ ಜನರೆದುರು ಮತ್ತೆ ಮತ್ತೆ ಓಡಿಸಿ ತೋರಿಸಿತು. ನಮ್ಮ ಅಂಚೆಯಾಳಿಗೆ ಅಂತಹ ರಂಗಸ್ಥಳವು ದೊರೆಯಲಿಲ್ಲ. ಇನ್ನೊಂದು ಕಾರಣವು ವಿಚಿತ್ರವಾದುದಾದರೂ ಅಲಕ್ಷಿಸತಕ್ಕದ್ದಲ್ಲ. ತಿರುವಾಂಕೂರು, ಕೊಚ್ಚಿ, ಹೈದರಾಬಾದು ಮೊದಲಾದ ಸಂಸ್ಥಾನಗಳು ತಮ್ಮದೇ ಅಂಚೆಚೀಟಿಗಳನ್ನು ಹೊರಡಿಸಿದವು, ಮೈಸೂರು ಹೊರಡಿಸಲಿಲ್ಲ. ಲೋಕದ ಚೀಟಿಸಂಗ್ರಾಹಕರ ಪಟ್ಟಿಗಳಲ್ಲಿ ಆ ಸಂಸ್ಥಾನಗಳ ಹೆಸರು ಉಳಿದುಕೊಂಡಿತು, ಮೈಸೂರಿನ ಹೆಸರು ಅಲ್ಲಿ ಸೇರಲೇ ಇಲ್ಲ.

'ಅಂಚೆ' ಎಂಬ ಶಬ್ದವನ್ನು ಕುರಿತು ಒಂದು ಮಾತು. ಹಳಗನ್ನಡದಲ್ಲಿ ಅಂಚೆಯೆಂದರೆ ಹಂಸ. ಅದು ಹಂಸ ಶಬ್ದದ ತದ್ಭವ. ನಳನ ವಾರ್ತೆಯನ್ನು ದಮಯಂತಿಗೆ ಮುಟ್ಟಿಸಿದುದೂ ಹಂಸವೇ ಆದುದರಿಂದ, ಟಪಾಲಿಗೆ ಈ ಹೆಸರು ಬಂದುದು ಆ ಹಕ್ಕಿಯಿಂದಲೇ ಎಂದು ಹೇಳುವುದುಂಟು. ಈ ವಿವರಣೆಯು ರಮಣೀಯವಾಗಿದೆ. ಆದರೆ ತಮಿಳಿನಲ್ಲಿ 'ಅಂಜಲ್' ಎಂದೂ ಮಲಯಾಳದಲ್ಲಿ 'ಅಂಚಲ್' ಎಂದೂ ಇದೇ ಅರ್ಥದ ಶಬ್ದಗಳಿರುವುದನ್ನು ಮರೆಯಬಾರದು. ಈ ಬಂಧುಶಬ್ದಗಳನ್ನು ಬಿಟ್ಟು ಹಂಸವೊಂದನ್ನೇ ಹಿಡಿದರೆ ನಿರ್ಣಯವು ಅವಸರದ್ದಾದೀತು.

ಶಿವಮೊಗ್ಗದ ಮಟ್ಟಿಗೆ ಇಲ್ಲಿ ಒಂದು ತಿದ್ದುಪಡಿಯು ಅಗತ್ಯ. ಈ ಪ್ರಾಂತದಲ್ಲಿ 1672ರಿಂದಲೇ ಮೈಸೂರು ಅಂಚೆಯು ಓಡಾಡುತ್ತಿತ್ತೆಂದು ಭಾವಿಸುವುದು ತಪ್ಪಾಗುತ್ತದೆ. ಆಗ ಈ ಸೀಮೆಯು ಕೆಳದಿಯ ನಾಯಕರ ಆಳ್ವಿಕೆಗೆ ಒಳಪಟ್ಟಿದ್ದಿತು. ಅವರ ರಾಜಧಾನಿಯಾದ ಬಿದನೂರು 1763ರಲ್ಲಿ ಹೈದರಾಲಿಯ ವಶವಾಗಿ ಹೈದರ್‌ನಗರವೆನಿಸಿಕೊಂಡಿತು. ಇಂದಿನ ನಗರವೆಂಬ ಊರು ಅದೇ. ಮೈಸೂರಿನ ಅಂಚೆಯ ವ್ಯವಸ್ಥೆಯು ಮಲೆನಾಡಿಗೆ ವಿಸ್ತರಿಸಲು ಅವಕಾಶವಾದುದು ಆ ಮೇಲೆಯೇ.

ಆ ವ್ಯವಸ್ಥೆಯಾದರೂ ಬರಿಯ ಕಾಗದಗಳನ್ನು ಸಾಗಿಸುವುದಕ್ಕಾಗಿ ಇದ್ದುದಲ್ಲ. ಮೈಸೂರಿನ ಅಂಚೆಯು ಸುದ್ದಿಯನ್ನು ಒಯ್ಯುವ ಸಾಧನವಾಗಿದ್ದಂತೆಯೇ ಸುದ್ದಿಯನ್ನು ಸಂಪಾದಿಸುವ ಸಾಧನವೂ ಆಗಿದ್ದಿತೆಂದು ಮೈಸೂರಿನ ಚರಿತ್ರೆಯನ್ನು ಬರೆದ ಕರ್ನಲ್ ವಿಲ್ಕ್ಸ್ ತಿಳಿಸುತ್ತಾನೆ. ಅಂಚೆಯ ಅಧಿಕಾರಿಗಳು ಅರಮನೆಯ ಆಪ್ತರು. ತಮ್ಮ ಸೀಮೆಯಲ್ಲಿ ನಡೆಯುವ ಗುಪ್ತ ವ್ಯವಹಾರಗಳನ್ನು ಅವರು ಬರೆದು ಕಳುಹಿಸುತ್ತಿದ್ದರು. ಹೈದರನ ಕಾಲದಲ್ಲಿ ಈ ಏರ್ಪಾಡು ಮತ್ತಷ್ಟು ಬಿಗಿಯಾಯಿತು. ಆದುದರಿಂದ ಹೊಸದಾಗಿ ಗೆದ್ದ ನಾಡಿಗೆ ಅಂಚೆಯು ಬಂದಾಗ, ಅದರೊಡನೆ ರಾಜನ ಕಣ್ಣೂ ಕಿವಿಯೂ ಬಂದವೆಂದೇ ಹೇಳಬೇಕು. ಅಂಚೆಯ ಉಪಕಾರವನ್ನು ವರ್ಣಿಸುವಾಗ ಈ ಇನ್ನೊಂದು ಮುಖವನ್ನು ಮುಚ್ಚಿಡುವುದು ಸತ್ಯಕ್ಕೆ ದೂರವಾಗುತ್ತದೆ.

2. ಕುದುರೆಗಿಂತ ಕಾಲೇ ಮೇಲು

ಅಮೆರಿಕದಲ್ಲಿ ಕುದುರೆಯು ಮಾಡಿದ ಕೆಲಸವನ್ನು ನಮ್ಮಲ್ಲಿ ಕಾಲಾಳು ಮಾಡಿದುದೇಕೆ? ಬಡತನವೇ ಕಾರಣವೆಂದು ಒಮ್ಮೆಗೇ ಹೇಳಿಬಿಡಬಹುದು; ಆದರೆ ಅದು ಸರಿಯಾದ ಉತ್ತರವಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿಗೆ ಬಂದಿದ್ದ ಇಬ್ನ್ ಬತೂತನು ಭಾರತದಲ್ಲಿ ಎರಡು ಬಗೆಯ ಟಪಾಲುಗಳನ್ನು ಕಂಡನು. ನಾಲ್ಕು ಮೈಲಿಗೊಮ್ಮೆ ಬದಲಾಗುವ ಕುದುರೆಯ ಟಪಾಲು ಒಂದು. ಮೈಲಿಯ ಮೂರನೆಯ ಒಂದು ಭಾಗಕ್ಕೊಮ್ಮೆ ಆಳು ಬದಲಾಗುವ ಕಾಲ್ನಡೆಯ ಟಪಾಲು ಮತ್ತೊಂದು. ಓಟಗಾರನ ಕೈಯಲ್ಲಿ ತಾಮ್ರದ ಗೆಜ್ಜೆಗಳನ್ನು ಕಟ್ಟಿದ ಕೋಲಿರುತ್ತಿದ್ದಿತು. ಆ ಸದ್ದು ಕೇಳಿದೊಡನೆ ಮುಂದಿನ ಠಾಣೆಯ ಆಳು ಎದ್ದು ಸಿದ್ಧನಾಗಿ ನಿಲ್ಲುತ್ತಿದ್ದನು. ಇವೆರಡರಲ್ಲಿ ಕಾಲ್ನಡೆಯ ಟಪಾಲೇ ಹೆಚ್ಚು ವೇಗವಾದುದೆಂದು ಆ ಪ್ರವಾಸಿಯ ಅಭಿಪ್ರಾಯ. ಕುದುರೆಯ ಓಟವೂ ಆಳಿನ ಓಟವೂ ಒಂದೇ ವೇಗದವಲ್ಲವಾದರೂ, ಹಂತವು ಚಿಕ್ಕದಾದಷ್ಟೂ ದಣಿವು ಕಡಮೆಯಾಗಿ ಒಟ್ಟು ವೇಗವು ಹೆಚ್ಚುತ್ತದೆಂಬ ತತ್ತ್ವವು ಇದರಲ್ಲಿ ಅಡಗಿದೆ.

ಮಲೆನಾಡಿನಲ್ಲಿ ಈ ತತ್ತ್ವಕ್ಕೆ ಭೂಗುಣವೂ ಜೊತೆಗೂಡಿತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮಿಕ್ಕಿ ಮಳೆಯಾಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಹಳ್ಳಗಳು ಹೊಳೆಗಳಾಗುತ್ತವೆ. ಘಟ್ಟದ ದಾರಿಯ ಜಾರುಮಣ್ಣಿನಲ್ಲಿ ಗೊರಸು ನಿಲ್ಲುವುದಿಲ್ಲ. ಸಂಕದ ಮೇಲೆ, ಎಂದರೆ ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಒಂದೆರಡು ಮರದ ದಿಮ್ಮಿಗಳ ಮೇಲೆ, ಮನುಷ್ಯನು ದಾಟಬಲ್ಲನು, ಕುದುರೆಯು ದಾಟಲಾರದು. ಅಂಚೆಯಾಳಿನ ಗೆಜ್ಜೆಕೋಲು ಕಾಡಿನಲ್ಲಿ ಇನ್ನೊಂದು ಪ್ರಯೋಜನಕ್ಕೂ ಒದಗುತ್ತಿದ್ದಿತು. ಮುಂದಿನ ಠಾಣೆಗೆ ಸೂಚನೆ ಕೊಡುವ ಅದೇ ಸದ್ದು ದಾರಿಯ ಮೃಗಗಳಿಗೂ ಎಚ್ಚರಿಕೆಯಾಗುತ್ತಿದ್ದಿತು. ಹಾಗಿದ್ದರೂ ಭಾರತದ ಅನೇಕ ಕಡೆಗಳಲ್ಲಿ ಟಪಾಲಿನ ಆಳುಗಳು ಹುಲಿಗೆ ತುತ್ತಾದುದುಂಟು.

3. ಹಿಡಿಯುವವರು

ಟಪಾಲಿನವನ ನಂತರ ಬೋನಿನವನನ್ನು ನೋಡೋಣ. ಉತ್ತರ ಅಮೆರಿಕದಲ್ಲಿ ಹಡ್ಸನ್ ಬೇ ಕಂಪನಿಗೆ ಇಂಗ್ಲೆಂಡಿನ ರಾಜನಿಂದ ಸನ್ನದು ದೊರೆತುದು 1670ರಲ್ಲಿ. ಮೈಸೂರು ಅಂಚೆಯು ಮೊದಲಾದುದು ಬಹುಮಟ್ಟಿಗೆ ಅದೇ ಕಾಲದಲ್ಲಿ. ಅಲ್ಲಿ ಬೀವರ್ ಎಂಬ ನೀರುಪ್ರಾಣಿಯನ್ನು ಟೊಪ್ಪಿಗೆಯ ತುಪ್ಪಟಕ್ಕಾಗಿ ಕೊಲ್ಲುತ್ತಿದ್ದರು. ನಮ್ಮ ಕಾಡುಗಳ ಮುಖ್ಯ ಸೆರೆಯು ಆನೆ. ಅದನ್ನು ಕೊಲ್ಲುವುದರಿಂದ ಲಾಭವಿಲ್ಲ, ಬದುಕಿಸಿಯೇ ತರಬೇಕು. ಈ ಒಂದು ವ್ಯತ್ಯಾಸದಿಂದ ಇಲ್ಲಿಯ ವಿದ್ಯೆಯ ಸ್ವರೂಪವೇ ಬೇರೆಯಾಯಿತು.

ಆ ವಿದ್ಯೆಯು ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಆನೆ ಹಿಡಿಯುವ ಐದು ಕ್ರಮಗಳನ್ನು ಹೇಳುತ್ತದೆ. ಇವುಗಳಲ್ಲಿ ಗುಂಡಿ ತೋಡಿ ಬೀಳಿಸುವ ಕ್ರಮವು ಸುಲಭವಾದುದಾದರೂ ಕ್ರೂರವಾದುದು. ಬಿದ್ದ ಆನೆಗಳ ಕಾಲುಗಳು ಮುರಿದು ಅನೇಕವು ಸಾಯುತ್ತಿದ್ದವು. ನಮ್ಮ ನಾಡಿನಲ್ಲಿ ಕಂಡುಬರುವ 'ಆನೆಗುಂಡಿ' ಎಂಬ ಸ್ಥಳನಾಮದಲ್ಲಿ ಈ ಕ್ರಮದ ನೆನಪು ಉಳಿದಿರುವುದು ಸಂಭವನೀಯ.

ಹಿಂಡನ್ನೇ ಅಟ್ಟಿ ಆವರಣದೊಳಗೆ ಸೇರಿಸುವ ಖೆಡ್ಡಾ ಕ್ರಮವನ್ನು ಮೈಸೂರಿನಲ್ಲಿ ಯಶಸ್ವಿಯಾಗಿ ನಡೆಸಿದವನು ಜಿ. ಪಿ. ಸ್ಯಾಂಡರ್ಸನ್. ಇದು ನಡೆದುದು ಶಿವಮೊಗ್ಗದಲ್ಲಲ್ಲ, ಸಂಸ್ಥಾನದ ದಕ್ಷಿಣದ ತುದಿಯಲ್ಲಿ, ಚಾಮರಾಜನಗರದ ಕಡೆಯ ಕಾಡಿನಲ್ಲಿ, 1874ರಲ್ಲಿ. ಅದಕ್ಕೆ ಒಂದು ಶತಮಾನದ ಹಿಂದೆ ಹೈದರನು ಕಾಕನಕೋಟೆಯಲ್ಲಿ ಇದೇ ಪ್ರಯತ್ನವನ್ನು ಮಾಡಿ ಸೋತು, ಮುಂದೆ ಪ್ರಯತ್ನಿಸುವವರಿಗೆ ಶಾಪವಿಟ್ಟು ಕಲ್ಲಿನ ಮೇಲೆ ಬರೆಯಿಸಿದ್ದನೆಂದು ಸ್ಯಾಂಡರ್ಸನ್ ತನ್ನ ಗ್ರಂಥದಲ್ಲಿ ಹೇಳಿಕೊಂಡಿದ್ದಾನೆ. ಗ್ರಂಥದಲ್ಲಿ ಕೀರ್ತಿಯು ಅವನದು. ಆದರೆ ಹಿಂಡಿನ ಜಾಡನ್ನು ಹಿಡಿದು, ಅದು ನೀರಿಗೆ ಇಳಿಯುವ ದಾರಿಯನ್ನೂ ಮೇಯುವ ಹೊತ್ತನ್ನೂ ಕಂಡು ಹೇಳಿದವರು ಕಾಡುಕುರುಬರು. ಆ ತಿಳಿವಳಿಕೆಯಿಲ್ಲದೆ ಆವರಣವನ್ನು ಎಲ್ಲಿ ಕಟ್ಟಬೇಕೆಂಬುದೇ ನಿಶ್ಚಯವಾಗುತ್ತಿರಲಿಲ್ಲ.

ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದಿತು. ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ, ತುಂಗೆಯ ಹಿನ್ನೀರಿನ ದಡದಲ್ಲಿರುವ ಸಕ್ರೆಬೈಲಿನ ಆನೆಬಿಡಾರದಲ್ಲಿ ಈ ಪರಂಪರೆಯ ಒಂದು ಎಳೆಯನ್ನು ಇಂದಿಗೂ ಕಾಣಬಹುದು. ಮಾವುತರು ಆನೆಯೊಡನೆ ಆಡುವ ಮಾತುಗಳು, ಮದ್ದುಗಳು, ಪಳಗಿಸುವ ಕ್ರಮಗಳು, ಇವೆಲ್ಲ ತಂದೆಯಿಂದ ಮಗನಿಗೆ ಬಾಯಿಮಾತಿನಲ್ಲಿ ಬಂದವು.

4. ಕಂಡು ಬರೆದವರು

ಮೂರನೆಯ ವರ್ಗದವರು ಅನ್ವೇಷಕರು. ಇವರಲ್ಲಿ ಇಟಲಿಯ ಪಿಯೆತ್ರೋ ದೆಲ್ಲ ವಾಲ್ಲೆ ಮೊದಲಿಗನಲ್ಲದಿದ್ದರೂ ಹೆಚ್ಚು ಸ್ವಾರಸ್ಯವಾಗಿ ಬರೆದವನು. ಮೆಣಸಿನ ವ್ಯಾಪಾರವನ್ನು ಕುರಿತ ಮಾತುಕತೆಗಾಗಿ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯೊಡನೆ ಅವನು 1623ರಲ್ಲಿ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಹೊಳೆಯಲ್ಲಿ ಬಂದು, ಘಟ್ಟವನ್ನೇರಿ, ನವೆಂಬರಿನಲ್ಲಿ ಇಕ್ಕೇರಿಯನ್ನು ಸೇರಿದನು. ದಾರಿಯಲ್ಲಿ ಒಂದು ದೇವಾಲಯದ ಜಗಲಿಯ ಮೇಲೆ ನಾಲ್ವರು ಬಾಲಕರು ಲೆಕ್ಕವನ್ನು ಕಲಿಯುತ್ತಿದ್ದುದನ್ನು ಕಂಡನು. ಒಬ್ಬನು ರಾಗವಾಗಿ ಪಾಠವನ್ನು ಹೇಳುತ್ತ ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆಯುವನು. ಉಳಿದವರೂ ಹಾಗೆಯೇ ಹಾಡಿ ಬರೆಯುವರು. ನೆಲವು ತುಂಬಿದಾಗ ಅಳಿಸಿ ಮತ್ತೆ ಮರಳನ್ನು ಹರಡುವರು. ಗುರುವಿಲ್ಲದಿದ್ದಾಗಲೂ ಹೀಗೆ ಒಬ್ಬರಿಂದೊಬ್ಬರು ಕಲಿಯುವುದನ್ನು ನೋಡಿ ಅವನಿಗೆ ಆಶ್ಚರ್ಯವಾಯಿತು. ಮರಳಿನ ಮೇಲಿನ ಆ ಅಕ್ಷರಗಳು ಅಂದೇ ಅಳಿಸಿಹೋದವು. ಪ್ರವಾಸಿಯು ಕಾಗದದ ಮೇಲೆ ಬರೆದುದರಿಂದ ಅವುಗಳ ಸುದ್ದಿಯು ಮಾತ್ರ ನಮಗೆ ಉಳಿಯಿತು.

ಟೀಪುವಿನ ಪತನವಾದ ಮರುವರ್ಷ, 1800ರಲ್ಲಿ, ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆದ ಫ್ರಾನ್ಸಿಸ್ ಬುಕಾನನ್ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದ್ರಾಸಿನಿಂದ ಹೊರಟನು. ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿ, 1801ರಲ್ಲಿ ಬನವಾಸಿ, ಕೆಳದಿ, ಇಕ್ಕೇರಿ, ನಗರಗಳ ಮೂಲಕ ಈ ಸೀಮೆಗೆ ಬಂದನು. ಅವನ ಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅಡಕೆ, ಮೆಣಸು, ಬತ್ತದ ಬೇಸಾಯ, ಕಂದಾಯ, ಅಳತೆ, ಜಾತಿಪದ್ಧತಿ, ಕಬ್ಬಿಣ ಕರಗಿಸುವ ಕುಲುಮೆ ಹೀಗೆ ಅವನು ವಿಚಾರಿಸದ ವಿಷಯವೇ ಇಲ್ಲ. ಆದರೆ ವಿಚಾರಿಸಿದುದು ಯಾರನ್ನು? ಊರಿನ ರೈತರನ್ನು, ಶಾನುಭೋಗರನ್ನು, ವ್ಯಾಪಾರಿಗಳನ್ನು, ದುಭಾಷಿಯ ಮೂಲಕ. ಅವರ ಉತ್ತರಗಳೇ ಆ ಸಂಪುಟಗಳ ಒಡಲು.

ಇದೇ ಕಾಲದಲ್ಲಿ ಮೈಸೂರಿನ ಮೋಜಣಿಯನ್ನು ನಡೆಸಿ ಕೈಫಿಯತ್ತುಗಳನ್ನು ಸಂಗ್ರಹಿಸಿದ ಕಾಲಿನ್ ಮೆಕೆಂಜಿಯ ವಿಷಯದಲ್ಲಿ ಮಾತ್ರ ಸಹಾಯಕರ ಹೆಸರುಗಳು ಉಳಿದಿವೆ. ಕಾವಲಿ ವೆಂಕಟ ಬೋರಯ್ಯ ಮತ್ತು ಅವನ ತಮ್ಮ ಲಕ್ಷ್ಮಯ್ಯ ಇವರ ದುಡಿಮೆಯಿಲ್ಲದಿದ್ದರೆ ಆ ಸಂಗ್ರಹವು ಆಗುತ್ತಲೇ ಇರಲಿಲ್ಲ. 1804-06ರಲ್ಲಿ ಅಮೆರಿಕವನ್ನು ದಾಟಿದ ಲೂಯಿಸ್ ಮತ್ತು ಕ್ಲಾರ್ಕ್ ಇವರೊಡನಿದ್ದ ಶೊಶೋನಿ ಮಹಿಳೆ ಸಕಜವಿಯಾಳ ಹೆಸರನ್ನು ಅಲ್ಲಿಯ ಶಾಲಾಬಾಲಕರೂ ಬಲ್ಲರು. ಬೋರಯ್ಯನ ಹೆಸರನ್ನು ನಮ್ಮ ಪದವೀಧರರಲ್ಲಿ ಎಷ್ಟು ಮಂದಿ ಬಲ್ಲರೆಂಬುದು ವಿಚಾರಾರ್ಹ.

5. ಗಡಿಯು ಮುಚ್ಚಿದುದು

ಅಂಚೆಯು ವಿಲೀನವಾದುದು 1889ರಲ್ಲಿ. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲುಮಾರ್ಗವು ತೆರೆದುದು 1899ರಲ್ಲಿ. ಹಿಂದೆ ಬೆಂಕೀಪುರವೆನಿಸಿದ್ದ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯು ಉತ್ಪಾದನೆಯನ್ನು ಆರಂಭಿಸಿದುದು 1923ರಲ್ಲಿ. ಕೆಮ್ಮಣ್ಣುಗುಂಡಿಯ ಅದಿರನ್ನು ಸುತ್ತಲ ಕಾಡಿನ ಸೌದೆಯ ಇದ್ದಲಿನಿಂದ ಕರಗಿಸುತ್ತಿದ್ದ ಆ ಕುಲುಮೆಗಾಗಿ ಕಾಡಿನೊಳಕ್ಕೆ ಟ್ರಾಮಿನ ಕಂಬಿಗಳು ಹೊಕ್ಕವು. ಕಾಲುದಾರಿಯಿದ್ದೆಡೆ ಕಂಬಿಯು ಬಂದ ಮೇಲೆ ಈ ನಾಡು ಗಡಿನಾಡಾಗಿ ಉಳಿಯಲಿಲ್ಲ. ಸುಮಾರು ಮೂವತ್ತೈದು ವರ್ಷಗಳಲ್ಲಿ ಈ ಪರಿವರ್ತನೆಯು ಪೂರ್ತಿಯಾಯಿತು.

ಮೇಲ್ಕಂಡ ಸಂಗತಿಗಳು ಒಂದೊಂದಾಗಿ ನೋಡಿದರೆ ಅಲ್ಪವಾದವು. ಒಟ್ಟಾಗಿ ನೋಡಿದರೆ ಅವುಗಳಿಂದ ಒಂದು ಮಾತು ಸಿದ್ಧವಾಗುತ್ತದೆ. ಗಡಿನಾಡನ್ನು ಹೊರಗಿನವರು 'ಕಂಡುಹಿಡಿಯಲಿಲ್ಲ'. ಅದನ್ನು ಬಲ್ಲವರು ಅಲ್ಲಿಯೇ ಇದ್ದರು. ಅಂಚೆಯಾಳು ದಾರಿಯನ್ನು ಬಲ್ಲನು, ಕಾಡುಕುರುಬನು ಜಾಡನ್ನು ಬಲ್ಲನು, ರೈತನು ನೆಲವನ್ನು ಬಲ್ಲನು. ದೊರೆಯ ಆಜ್ಞೆಯೂ ಖೆಡ್ಡಾದ ಆವರಣವೂ ಪ್ರವಾಸಿಯ ಗ್ರಂಥವೂ ನಿಂತುದು ಆ ತಿಳಿವಳಿಕೆಯ ಮೇಲೆ. ಬರೆದವರ ಹೆಸರು ಉಳಿಯಿತು, ಹೊತ್ತವರ ಹೆಸರು ಅಳಿಯಿತು.

ಅಳಿದುದೆಲ್ಲವನ್ನೂ ಮರಳಿ ಪಡೆಯುವುದು ಅಸಾಧ್ಯ. ಆದರೆ ಹಳೆಯ ದಾರಿಗಳ ಹೆಸರು, ಉಕ್ಕಡ ಮತ್ತು ಕಟ್ಟೆಗಳ ನೆಲೆ, ಆನೆಯ ಗುಂಡಿಗಳಿದ್ದ ಸ್ಥಳ, ಮಾವುತರ ಮಾತು, ಅಂಚೆಯ ಮುದ್ರೆಯುಳ್ಳ ಹಳೆಯ ಕಾಗದ, ಇವು ಮಲೆನಾಡಿನ ಮನೆಗಳಲ್ಲಿಯೂ ವೃದ್ಧರ ನೆನಪಿನಲ್ಲಿಯೂ ಇನ್ನೂ ದೊರೆಯುವ ಸಂಭವವಿದೆ. ರಜೆಯಲ್ಲಿ ತಮ್ಮ ಊರಿಗೆ ಹೋಗುವ ವಿದ್ಯಾರ್ಥಿಗಳು ಒಂದೊಂದು ಹಳೆಯ ದಾರಿಯನ್ನು ಹಿಡಿದು ನಡೆದು, ಅದರ ಮೇಲೆ ಯಾರು ಏನನ್ನು ಹೊತ್ತು ಓಡಾಡುತ್ತಿದ್ದರೆಂದು ಕೇಳಿ ಬರೆದುಕೊಂಡು ಬಂದರೆ, ಈ ಲೇಖನದಲ್ಲಿ ಹೆಸರಿಲ್ಲದೆ ಉಳಿದವರಲ್ಲಿ ಕೆಲವರಿಗಾದರೂ ಮುಂದೆ ಹೆಸರು ದೊರೆತೀತು.