ಕಾವೇರಿಯ ಗೂನುಬೆನ್ನಿನ ಮಹಶೀರ್

ಶಾರ್ಕ್ ಮೀನಿನ ಮೈಗೆ ಸಣ್ಣ ಯಂತ್ರವನ್ನು ಕಟ್ಟಿ, ಕಡಲೊಳಗಿನ ಅದರ ಸಂಚಾರವನ್ನು ದಡದಲ್ಲಿದ್ದೇ ಅರಿಯುವ ವಿದ್ಯೆ ಈಗ ರೂಢಿಯಲ್ಲಿದೆ. ಭೂತಾನದಲ್ಲಿ ಅದನ್ನು ನದಿಯ ಮಹಶೀರಿಗೂ ಬಳಸಿದ್ದಾರೆ. ಈ ಸಂಗತಿಯನ್ನು ಓದಿದಾಗ ನನ್ನ ಮನಸ್ಸು ಕೊಡಗಿನ ವಾಲ್ನೂರಿನ ಮಡುಗಳತ್ತ ಹರಿಯಿತು. ಅಲ್ಲಿ ಕಾವಲು ನಿಂತು ಮಹಶೀರನ್ನು ಕಾಪಾಡಿದವರಿದ್ದಾರೆ. ಆದರೆ ಈ ಮೀನು ಒಂದೇ ಮಡುವಿನ ನಿವಾಸಿಯಲ್ಲ. ಬೇಸಗೆಯಲ್ಲಿ ಆಳದ ನೀರನ್ನು ಆಶ್ರಯಿಸಿದ್ದು, ಮುಂಗಾರಿನ ಕೆನ್ನೀರು ಏರಿದೊಡನೆ ಪ್ರವಾಹಕ್ಕೆದುರಾಗಿ ಹೊರಟು, ಹರಳುಗಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ನಡುವೆ ಅಣೆಕಟ್ಟು ಬಂತೆಂದರೆ ಯಾತ್ರೆ ಅಲ್ಲಿಗೇ ಮುಗಿಯಿತು.

ಕಾವೇರಿಗೆ ತನ್ನದೇ ಆದ ಮಹಶೀರ್ ಒಂದುಂಟು: ಗೂನುಬೆನ್ನು, ಕಿತ್ತಳೆ ಬಣ್ಣದ ರೆಕ್ಕೆ; ತೂಕ 50 ಕಿಲೋ ಮೀರುವುದೂ ಉಂಟು. ಗಾಳಗಾರರು ಶತಮಾನಕ್ಕೂ ಮಿಗಿಲಾಗಿ ಕೊಂಡಾಡಿದ ಈ ಮೀನು, 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಿಂದ ವರ್ಣಿತವಾದ ‘ಟೋರ್ ರೆಮಾದೇವಿ’ಯೇ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನಂಚಿನ ಜೀವಿಗಳ ಪಟ್ಟಿಯನ್ನೂ ಸೇರಿತು. ನಾಮಕರಣದಂದೇ ಜಾತಕದಲ್ಲಿ ಮೃತ್ಯುಯೋಗ!

ಇದಕ್ಕೆ ಅಣೆಕಟ್ಟು, ಮರಳುಗಳ್ಳತನ, ಸಿಡಿಮದ್ದಿನ ಬೇಟೆಗಳಷ್ಟೇ ಕಾರಣವಲ್ಲ. ಮಹಶೀರನ್ನು ಉಳಿಸಲೆಂದೇ ಲೋನಾವಳದಲ್ಲಿ ಸಾಕಿ ಕಾವೇರಿಗೆ ತಂದುಬಿಟ್ಟ ನೀಲಿರೆಕ್ಕೆಯ ಮರಿಗಳು ಬೆಳೆದು ಮೂಲನಿವಾಸಿಯ ನೆಲೆಯನ್ನೇ ಆಕ್ರಮಿಸಿದವು. ಸದುದ್ದೇಶವೇನೋ ನಿಜ, ಇದು ಯಾರ ಮನೆಯೆಂದು ಮೊದಲು ವಿಚಾರಿಸಬೇಕಿತ್ತು. ಕಿತ್ತಳೆರೆಕ್ಕೆಯ ಮಹಶೀರ್ ಇಂದು ಮೋಯಾರಿನಂಥ ಕೆಲವೇ ನೀರುಗಳಲ್ಲಿ ಉಳಿದುಕೊಂಡಿದೆ.